ಕೈ ಬಿಡುವ ಸುಣ್ಣ, ಕೈ ಬಿಡದ ಸಿಮೆಂಟು

ಹಳೇ ಮನೆಯ ಕಲ್ಲು, ತೊಲೆ, ಚೌಕಟ್ಟು ಹೊಸ ಮನೆಗೆ ತಂದರೆ ಅಲ್ಲಿನ ಕಷ್ಟವೂ ಬೆನ್ನು ಹತ್ತಿ ಬರುತ್ತದೆ ಎನ್ನುವವರು ನಮ್ಮ ಕಲಬುರಗಿ ಕಡೆ ಇನ್ನೂ ಇದ್ದಾರೆ. ಶಹಾಬಾದಿನ ಅಜ್ಜನ ಮನೆ ಬಿಚ್ಚಿಸುವಾಗ ನನಗೂ ಇದೇ ಮಾತು ಬಂತು. ಕೇಳಿದರೆ ಸಿಟ್ಟೇ ಬರುತ್ತದೆ. ಭೀಮಾ ದಂಡೆಯ ಸನ್ನತಿಯನ್ನೇ ನೋಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು! ಎರಡು ಸಾವಿರ ವರ್ಷಕ್ಕೂ ಹಳೆಯ ಬರಹ. ಮೂರ್ತಿ ಕೂರಿಸಲು ನಡುವೆ ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿವೆ, ಅದು ಸಂಕಟದ ಮಾತು. ಆದರೆ ದೇವಿಗೇ ಬೇಡವಾಗದ ಹಳೇ ಕಲ್ಲು ನಮಗೆ ಬೇಡವೇ?

ನಿಜವಾದ ತೊಡಕು ಕಲ್ಲಿನಲ್ಲಿಲ್ಲ, ಕಲ್ಲನ್ನು ಹಿಡಿದಿರುವ ಗಾರೆಯಲ್ಲಿದೆ.

ಅಜ್ಜನ ಮನೆಯ ಗೋಡೆಗಳು ಸುಣ್ಣದ ಗಚ್ಚಿನವು. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಮರಳು ಸೇರಿಸಿ ಅರೆದರೆ ಗಚ್ಚು. ಗೋಡೆಯಲ್ಲಿ ಕೂತ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಎಳೆದುಕೊಂಡು ಮತ್ತೆ ಸುಣ್ಣದಕಲ್ಲಾಗುತ್ತದೆ. ನೆಲಕ್ಕೆ ಹಾಸುವ ಶಹಾಬಾದಿ ಫರಸಿಯೂ ಸುಣ್ಣದಕಲ್ಲೇ ಅಲ್ವಾ? ಆದರೆ ಗಚ್ಚಿನ ತುಂಬ ಸಣ್ಣ ಸಣ್ಣ ತೂತು. ಹಾಗಾಗಿ ಅದು ಫರಸಿಗಿಂತ ಮೆತ್ತಗೆ.

ಈ ಮೆತ್ತಗಿರುವುದೇ ಅದರ ದೊಡ್ಡ ಗುಣ. ಹಳೇ ಸೀರೆಯ ತುಂಡು ಸೇರಿಸಿ ಹೊಲಿದ ಕೌದಿ ನೆನಪಿಸಿಕೊಳ್ಳಿ. ದಾರ ಬಟ್ಟೆಗಿಂತ ಬಲವಾಗಿದ್ದರೆ ಎಳೆದಾಗ ಸೀರೆಯೇ ಹರಿಯುತ್ತದೆ. ದಾರ ಮೊದಲು ಹರಿದರೆ ತುಂಡು ಉಳಿಯುತ್ತದೆ, ಇನ್ನೊಂದು ಕೌದಿಗೆ ಆಗುತ್ತದೆ. ಇಲ್ಲವೇ ಕೊಬ್ಬರಿ ನೋಡಿ. ಒಣಗಿದ್ದು ಚಿಪ್ಪಿನಿಂದ ಇಡಿಯಾಗಿ ಕಳಚುತ್ತದೆ, ಹಸಿಯದನ್ನು ಎಬ್ಬಲು ಹೋದರೆ ಚೂರಾಗುತ್ತದೆ.

ಸಿಮೆಂಟು ಹಸಿ ಕೊಬ್ಬರಿ. ನಮ್ಮ ವಾಡಿ, ಸೇಡಂ ಕಡೆಯ ಸುಣ್ಣದಕಲ್ಲನ್ನೇ ಜೇಡಿಯ ಜೊತೆ ಸುಮಾರು 1450 ಡಿಗ್ರಿಗೆ ಕಾಯಿಸಿ ಮಾಡಿದ್ದು. ನೀರು ತಾಗಿದರೆ ಕಣ್ಣಿಗೆ ಕಾಣದ ಎಳೆಗಳು ಬೆಳೆದು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ಇಟ್ಟಿಗೆಯ ತೂತುಗಳಿಗೂ ನುಗ್ಗುತ್ತವೆ. ಒಡೆಯುವಾಗ ಮೊದಲು ಸೋಲುವುದು ಇಟ್ಟಿಗೆ.

ಎರಡನ್ನೂ ಒಂದೇ ದಿನ ಕಂಡೆ. ಗೌಂಡಿ ಗೋಡೆಯ ಸಂದಿಗೆ ಹಾರೆ ತೂರಿಸಿ ಒತ್ತಿದ. ಗಚ್ಚು ಪುಡಿಪುಡಿ ಉದುರಿ ಕಲ್ಲು ಇಡಿಯಾಗಿ ಬಂತು. ಸುತ್ತಿಗೆಯಿಂದ ತಟ್ಟಿದ. ಟಣ್ ಅಂದದ್ದು ಒಂದು ಕಡೆ, ಡಬ್ ಅಂದದ್ದು ಇನ್ನೊಂದು ಕಡೆ. ಡಬ್ ಅಂದರೆ ಒಳಗೆ ಬಿರುಕಿದೆ. ಆಮೇಲೆ, ಈಚೆಗೆ ಸಿಮೆಂಟಿನಲ್ಲಿ ಕಟ್ಟಿಸಿದ್ದ ಬಚ್ಚಲುಮನೆಗೆ ಕೈ ಹಾಕಿದ. ಒಂದು ಇಟ್ಟಿಗೆಯೂ ಇಡಿಯಾಗಿ ಬರಲಿಲ್ಲ. "ಸುಣ್ಣ ಕೈ ಬಿಡ್ತದ ನೋಡ್ ತಮ್ಮಾ, ಸಿಮಿಟ್ ಬಿಡಂಗಿಲ್ಲ" ಅಂದ. ನಾನು ಇಷ್ಟುದ್ದ ಬರೆದದ್ದು ಇದನ್ನೇ.

ಒಡೆದ ಕಾಂಕ್ರೀಟು ಸುಮ್ನೆ ಎಸೆಯುವಂಥದ್ದಲ್ಲ. ಪುಡಿ ಮಾಡಿ ಜಲ್ಲಿಯಾಗಿ ಬಳಸಬಹುದು. 2016ರ ಭಾರತೀಯ ಮಾನಕ, ಸಾಧಾರಣ ಬಲದ ಸರಳಿನ ಕಾಂಕ್ರೀಟಿನಲ್ಲೂ ಜಲ್ಲಿಯ ಶೇ 20ರವರೆಗೆ ಇದಕ್ಕೆ ಒಪ್ಪಿದೆ. ಆದರೆ ಅಂಟಿದ ಹಳೇ ಗಾರೆ ನೀರು ಜಾಸ್ತಿ ಕುಡಿಯುತ್ತದೆ. ಇಟ್ಟಿಗೆ ಇಟ್ಟಿಗೆಯಾಗಿ ಉಳಿಯುವುದೂ ಇಲ್ಲ.

ನೆಲದ ಫರಸಿಗಳು ತುಳಿದು ತುಳಿದು ನುಣುಪಾಗಿದ್ದವು. ಹೊಸ ಮನೆಯ ಪಡಸಾಲೆಗೆ ಅದೇ ಮುಖ ಮೇಲೆ ಮಾಡಿ ಹಾಸಿಸಿದೆ. ಬಚ್ಚಲಿಗೆ ಮಾತ್ರ ಮಗುಚಿ ಹಾಕಿಸಿದೆ. ಅಡಿಯ ಮುಖ ಇನ್ನೂ ಒರಟು, ಕಾಲು ಜಾರುವುದಿಲ್ಲ. ಪಡಸಾಲೆಯ ಸಂದಿಗಳಿಗೆ ಸುಣ್ಣವನ್ನೇ ತುಂಬಿಸಿದ್ದೇನೆ.