ದುಡಿದವನು ಮೇಲೆ ಬರ್ತಾನೆ ಅನ್ನೋದನ್ನ ಹುಡುಗರು ಯಾಕೆ ನಂಬ್ತಿಲ್ಲ?

ಪ್ರಶ್ನೆ: ಮಗ ಡಿಗ್ರಿ ಮುಗಿಸಿ ಎರಡು ವರ್ಷ ಆಯ್ತು. "ಕಷ್ಟಪಟ್ಟು ದುಡಿ, ಮೇಲೆ ಬರ್ತಿ" ಅಂದ್ರೆ, "ಇದು ರೊಕ್ಕ ಇದ್ದೋರ ಆಟ ಅದ ಅಪ್ಪಾ" ಅಂತಾನೆ. ಅವನ ಗೆಳೆಯರದ್ದೂ ಇದೇ ಮಾತು. ಬಂಡವಾಳಶಾಹಿ ಅಂದ್ರೆ ಈಗಿನ ಹುಡುಗರಿಗೆ ಯಾಕೆ ಇಷ್ಟು ಬೇಸರ?

ಉತ್ತರ: ಈ ಪ್ರಶ್ನೆಯನ್ನು ಅಪ್ಪಂದಿರು ಮತ್ತೆ ಮತ್ತೆ ಕೇಳುತ್ತಾರೆ. ದನಿಯಲ್ಲಿ ಸ್ವಲ್ಪ ಸಿಟ್ಟು, ಜಾಸ್ತಿ ಚಿಂತೆ. ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಮಗನ ಕಡೆ. ಅವನು ಮೈಗಳ್ಳತನಕ್ಕೆ ಹಾಗೆ ಅನ್ನುತ್ತಿಲ್ಲ. ಲೆಕ್ಕ ಹಾಕಿ ನೋಡಿದ್ದಾನೆ.

ಬಂಡವಾಳಶಾಹಿ ದೊಡ್ಡ ಪದ. ಅರ್ಥ ಇಷ್ಟೇ: ರೊಕ್ಕ ಹಾಕಿದವನದ್ದೇ ಧಂದೆ, ಲಾಭವೂ ಅವನದ್ದೇ, ಬೆಲೆ ಗೊತ್ತು ಮಾಡೋದು ಮಾರುಕಟ್ಟೆ. ಜನ ಇದನ್ನು ಒಪ್ಪಿಕೊಂಡಿದ್ದು ಒಂದು ಮಾತಿನ ಮೇಲೆ. ಓದು, ಬೆವರು ಸುರಿಸು, ನಿನ್ನ ದುಡಿಮೆಗೆ ಸರಿಯಾದ ತೂಕ ಸಿಗುತ್ತದೆ ಅನ್ನೋ ಮಾತು. ನಿಮ್ಮ ಕಾಲದಲ್ಲಿ ಅದು ಎಷ್ಟೋ ಮನೆಗಳಲ್ಲಿ ನಿಜವಾಯ್ತು. 1991ರಲ್ಲಿ ಸರ್ಕಾರ ಮಾರುಕಟ್ಟೆಯ ಬಾಗಿಲು ತೆರೆದ ಉದಾರೀಕರಣದ ನಂತರ ಮನೆಗೆ ಫೋನ್ ಬಂತು, ಬೈಕ್ ಬಂತು, ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸುವ ಧೈರ್ಯ ಬಂತು. ಹುಡುಗರು ಇದನ್ನೆಲ್ಲ ಅಲ್ಲಗಳೆಯೋದಿಲ್ಲ. ನಮ್ಮ ಪಾಲಿಗೆ ತಕ್ಕಡಿ ಸರಿ ಇಲ್ಲ ಅಂತಾರೆ.

ಜನವರಿಯಲ್ಲಿ ನಮ್ಮ ಕಲಬುರಗಿಯ ನೆಹರು ಗಂಜ್‌ಗೆ ಹೋಗಿ ನೋಡಿ. ಹಮಾಲರು ತೊಗರಿ ಚೀಲ ಇಳಿಸುತ್ತಿರುತ್ತಾರೆ. ಖರೀದಿದಾರ ಬಂದು ಒಂದು ಹಿಡಿ ಕಾಳು ತೆಗೆದು, ಬೆರಳ ಸಂದಿಯಿಂದ ಬಿಟ್ಟು ನೋಡಿ ಮುಂದಕ್ಕೆ ಹೋಗುತ್ತಾನೆ. ರೈತ ಅವನ ಬೆನ್ನನ್ನೇ ನೋಡುತ್ತಾ ನಿಲ್ಲುತ್ತಾನೆ. ಜೂನ್‌ನಲ್ಲಿ ಬಿತ್ತಿದವನು, ಆರು ತಿಂಗಳು ಕಾದವನು. ಆದರೆ ಅವನ ಬೆಲೆಯನ್ನು ಬರೀ ಅವನ ಹೊಲ ತೀರ್ಮಾನಿಸೋದಿಲ್ಲ. ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಸುಂಕವಿಲ್ಲದೆ ಎಷ್ಟು ತೊಗರಿ ಬಂತು ಅನ್ನೋದೂ ತೀರ್ಮಾನಿಸುತ್ತದೆ. 2023ರಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ದರ, 2025ರ ಶುರುವಿನಲ್ಲಿ ಬೆಂಬಲ ಬೆಲೆಯಾದ 7,550 ರೂಪಾಯಿಯ ಆಸುಪಾಸಿಗೆ ಬಂತು. ರಾಜ್ಯ ಸರ್ಕಾರ ತನ್ನ ಕಡೆಯಿಂದ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯ್ತು. ಬೆಲೆ ಇದ್ದಾಗ ಎಷ್ಟೋ ಹೊಲಗಳಲ್ಲಿ ನೆಟೆ ರೋಗ, ಮಳೆ ಕೊರತೆ. ಬೆಳೆ ಇದ್ದಾಗ ಬೆಲೆ ಇಲ್ಲ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ 'ಮಾರುಕಟ್ಟೆ ದುಡಿಮೆಗೆ ಬೆಲೆ ಕೊಡುತ್ತದೆ' ಅಂತ ಯಾರು ಹೇಳಿ ನಂಬಿಸೋದು?

ಹೊಲ ಬೇಡ ಅಂತ ಪೇಟೆಗೆ ಬಂದರೆ? ಹೋದ ಬೇಸಿಗೆಯಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಬೇವಿನ ಗಿಡದ ನೆರಳಲ್ಲಿ ಊಟ ತಲುಪಿಸುವ ಹುಡುಗನೊಬ್ಬ ಬೈಕ್ ನಿಲ್ಲಿಸಿಕೊಂಡು ಕೂತಿದ್ದ. ಬಿ.ಕಾಂ. ಆಗಿದೆ ಅಂದ. ನಮ್ಮ ಊರಿನ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಫೋನ್ ಟಿಣ್ ಅಂತು. ಆರ್ಡರ್ ಒಪ್ಪಿಕೊಳ್ಳೋಕೆ ಪರದೆ ಮೇಲೆ ಬೆರಳು ಎಳೆದ. ಬೆರಳೆಲ್ಲ ಬೆವರು, ಪರದೆ ಕೇಳಲಿಲ್ಲ. ಅಂಗಿಗೆ ಬೆರಳು ಒರೆಸಿಕೊಂಡು ಮತ್ತೆ ಎಳೆದ. ಅಷ್ಟರಲ್ಲಿ ಆರ್ಡರ್ ಬೇರೆಯವನಿಗೆ ಹೋಗಿತ್ತು. ಹಿಂದಿನ ತಿಂಗಳು ಗಿರಾಕಿಯೊಬ್ಬರ ದೂರಿಗೆ ಆ್ಯಪ್‌ನಲ್ಲಿ ಅವನ ಐಡಿ ನಾಲ್ಕು ದಿನ ಬಂದ್ ಆಗಿತ್ತಂತೆ. ಏನು ತಪ್ಪು ಅಂತ ಯಾರೂ ಹೇಳಲಿಲ್ಲವಂತೆ. "ಸಾಹುಕಾರ ಇದ್ದಿದ್ರ ಅಂಗಡಿ ಮುಂದ ನಿಂತು ಕೇಳ್ತಿದ್ದೆ. ಈ ಫೋನಿಗೆ ಏನಂತ ಕೇಳ್ಲಿ?" ಅಂದ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಮ್ಮ ಹಿರಿಯರಿಗೂ ದುಡಿಮೆ ಸುಲಭ ಇರಲಿಲ್ಲ. ಆದರೆ ಜಗಳ ಆಡೋಕೆ ಎದುರಿಗೆ ಒಬ್ಬ ಮನುಷ್ಯ ಇದ್ದ. ಎಂ.ಎಸ್.ಕೆ. ಮಿಲ್ ಅಂತ ಇವತ್ತಿಗೂ ಆಟೋದವರಿಗೆ ಹೇಳುತ್ತೇವೆ, ಅಲ್ವಾ? ಆ ಬಟ್ಟೆ ಮಿಲ್ ಮುಚ್ಚಿ ದಶಕಗಳಾದರೂ ಹೆಸರು ಬಡಾವಣೆಗೆ ಉಳಿದಿದೆ. ಅಲ್ಲಿ ಗೇಟ್ ಇತ್ತು, ಪಾಳಿ ಇತ್ತು, ಪಾಳಿ ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯೋ ಗುಂಪು ಇತ್ತು. ಈ ಹುಡುಗ ಒಬ್ಬನೇ ಕೂತಿದ್ದ.

ಇನ್ನು ಓದಿನ ಲೆಕ್ಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ತಂದ ಭಾರತದ ಉದ್ಯೋಗ ವರದಿ ಪ್ರಕಾರ, 2022ರಲ್ಲಿ ಪದವಿ ಮುಗಿಸಿದ ಯುವಕರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಕರಲ್ಲಿ ಶೇ 3.4. ಓದದವರು ಸುಖವಾಗಿದ್ದಾರೆ ಅಂತಲ್ಲ. ಅವರಿಗೆ ಸಿಕ್ಕ ಕೂಲಿಗೆ ಹೋಗದೆ ಬೇರೆ ದಾರಿ ಇಲ್ಲ. ಆದರೂ ಅಪ್ಪ ಹೊಲ ಒತ್ತೆ ಇಟ್ಟು ಓದಿಸಿದ ಹುಡುಗನಿಗೆ ಈ ಎರಡು ಅಂಕಿ ಹೇಗೆ ಕಾಣಿಸಬೇಡ? ಅದೇ ಹೊತ್ತಿಗೆ ಶ್ರೀಮಂತರ ಲೆಕ್ಕವೂ ಅವನ ಫೋನಿಗೆ ಬರುತ್ತದೆ. ಆರ್ಥಿಕ ಅಸಮಾನತೆಯ ಲೆಕ್ಕ ಇಡುವ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್‌ನ ಅಧ್ಯಯನದ ಪ್ರಕಾರ 2022-23ರಲ್ಲಿ ದೇಶದ ಆಸ್ತಿಯಲ್ಲಿ ಶೇ 40.1 ಇದ್ದದ್ದು ಅತಿ ಶ್ರೀಮಂತ ಶೇ 1ರಷ್ಟು ಜನರ ಹತ್ತಿರ.

ಇದು ನಮ್ಮಲ್ಲಿ ಮಾತ್ರ ಇರುವ ಬೇಸರವೂ ಅಲ್ಲ. ಬಂಡವಾಳಶಾಹಿಯ ದೊಡ್ಡ ಮನೆ ಅಂದರೆ ಅಮೆರಿಕ. ಅಲ್ಲಿನ ಗ್ಯಾಲಪ್ ಸಮೀಕ್ಷೆಯಲ್ಲಿ 18ರಿಂದ 29 ವಯಸ್ಸಿನವರಲ್ಲಿ ಬಂಡವಾಳಶಾಹಿ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರು 2010ರಲ್ಲಿ ಶೇ 68, 2018ರಲ್ಲಿ ಶೇ 45. 2008ರಲ್ಲಿ ಅಲ್ಲಿ ಬ್ಯಾಂಕುಗಳು ಮುಳುಗಿದಾಗ ಸರ್ಕಾರ ದೊಡ್ಡವರ ಕೈ ಹಿಡಿಯಿತು, ಸಣ್ಣವರು ಮನೆ ಕಳೆದುಕೊಂಡರು. ಆ ಮಕ್ಕಳು ಅದನ್ನು ನೋಡಿಕೊಂಡೇ ಬೆಳೆದರು.

ನಮ್ಮಲ್ಲಿ ನಂಬಿಕೆ ಹೋದವರು ಬಾವುಟ ಹಿಡಿದು ಬೀದಿಗೆ ಬರೋದು ಕಡಿಮೆ. ಅದಕ್ಕೇ ಅಪ್ಪ ಅಮ್ಮಂದಿರಿಗೆ ಬೇಗ ಗೊತ್ತಾಗೋದಿಲ್ಲ. ಕೆಲವರು ಕೋಚಿಂಗ್ ಸೆಂಟರ್ ಸೇರಿ ಪಿಡಿಒ, ಎಫ್‌ಡಿಎ, ಪಿಎಸ್‌ಐ ಅಂತ ಸರ್ಕಾರಿ ನೌಕರಿಗೆ ವರ್ಷಗಟ್ಟಲೆ ಓದುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದವರಿಗೆ ಅದು ನಿಜಕ್ಕೂ ಆಸರೆ. ಆದರೆ 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಬಯಲಾದದ್ದು ಇದೇ ಕಲಬುರಗಿಯಲ್ಲಿ. ನಿಯತ್ತಾಗಿ ಓದಿದವರು ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾದರು. ಅಲ್ಲೂ ರೊಕ್ಕವೇ ತೂಗಿತು ಅನ್ನೋ ಭಾವನೆ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಇನ್ನು ಕೆಲವರು ಷೇರುಪೇಟೆಯ ಆಪ್ಷನ್ಸ್‌ಗೆ, ಅಂದರೆ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅನ್ನೋದರ ಮೇಲೆ ರೊಕ್ಕ ಹಾಕೋ ವ್ಯವಹಾರಕ್ಕೆ, ಕೈ ಹಾಕುತ್ತಾರೆ. ನನಗೆ ಜಾಸ್ತಿ ಭಯ ಇದರದ್ದೇ. ನೆಟ್ಟಗಿನ ದಾರಿ ಮುಚ್ಚಿದೆ ಅನ್ನಿಸಿದಾಗ ಮನುಷ್ಯ ಜೂಜಿಗೆ ಹೋಗುತ್ತಾನೆ. ಷೇರುಪೇಟೆ ಮೇಲೆ ಕಣ್ಣಿಡುವ ಸಂಸ್ಥೆಯಾದ ಸೆಬಿಯ ಲೆಕ್ಕ ಇಲ್ಲಿದೆ: 2021-22ರಿಂದ ಮೂರು ವರ್ಷಗಳಲ್ಲಿ ಆಪ್ಷನ್ಸ್ ಮತ್ತು ಅದೇ ಬಗೆಯ ಫ್ಯೂಚರ್ಸ್‌ನಲ್ಲಿ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ರೊಕ್ಕ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. 2023-24ರಲ್ಲಿ ಈ ವ್ಯವಹಾರ ಮಾಡಿದವರಲ್ಲಿ ಶೇ 43 ಮಂದಿ 30 ವರ್ಷದ ಒಳಗಿನವರು.

ಹಾಗಂತ ಇವರಿಗೆ ವ್ಯಾಪಾರವೇ ಬೇಡ ಅಂತಲ್ಲ. ಇದೇ ಹುಡುಗರು ಸಾಲ ಮಾಡಿ ಚಹಾ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ ಹಾಕುತ್ತಾರೆ, ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲುತ್ತಾರೆ. ಕಾಯಕದ ಮಾತು ಹುಟ್ಟಿದ ಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ. ದುಡಿಮೆಯ ಮೇಲಿನ ಗೌರವವನ್ನು ಇಲ್ಲಿನ ಮಕ್ಕಳಿಗೆ ಹೊಸದಾಗಿ ಕಲಿಸಬೇಕಿಲ್ಲ. ಅವರು ಕೇಳೋದು ನ್ಯಾಯವಾದ ನಿಯಮ. ಅದು ಆಗದ ಕೆಲಸವೂ ಅಲ್ಲ. ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ ಹುಡುಗನ ಹಾಗೆ ಆ್ಯಪ್ ಮೂಲಕ ದುಡಿಯುವವರಿಗಾಗಿ, ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತ ಅದರಲ್ಲಿದೆ. ಅವರ ಕಲ್ಯಾಣ ನಿಧಿಗೆ ಕಂಪನಿಗಳು ಶುಲ್ಕ ಕಟ್ಟಬೇಕು ಅಂತಲೂ ಇದೆ. ಬೇವಿನ ನೆರಳಲ್ಲಿ ಕೂತಿದ್ದ ಹುಡುಗನಿಗೆ ಈ ಕಾನೂನಿನ ಸುದ್ದಿಯೇ ಗೊತ್ತಿರಲಿಲ್ಲ. ನಿಮ್ಮ ಮಗನ ಗೆಳೆಯರಲ್ಲಿ ಯಾರಾದರೂ ಆ ಕೆಲಸದಲ್ಲಿದ್ದರೆ ದಯವಿಟ್ಟು ಹೇಳಿ.

ಮಗನ ಜೊತೆ ವಾದಕ್ಕೆ ಇಳಿಯಬೇಡಿ. ರಾತ್ರಿ ಊಟ ಆದ ಮೇಲೆ ಕೂರಿಸಿಕೊಂಡು ಒಂದೇ ವಿಷಯ ಮೆತ್ತಗೆ ಕೇಳಿ: ಆಪ್ಷನ್ಸ್‌ಗೆ ಏನಾದರೂ ಹಾಕಿದ್ದೀಯಾ? ಹಾಕಿ ಕಳೆದುಕೊಂಡಿದ್ದರೆ ಬೈಯಬೇಡಿ. ಸಾಲ ಯಾರ ಹತ್ತಿರ ಮಾಡಿದ್ದಾನೆ, ಬಡ್ಡಿ ಎಷ್ಟು, ಅದನ್ನು ಕೇಳಿ ಬರೆದುಕೊಳ್ಳಿ.