ತೆರಿಗೆ ಜಾಸ್ತಿ ಕಟ್ಟುವವರ ಬದುಕು ನಿಜಕ್ಕೂ ಚೆನ್ನಾಗಿರುತ್ತಾ?

ಓದುಗರ ಪ್ರಶ್ನೆ: ಡೆನ್ಮಾರ್ಕ್, ಸ್ವೀಡನ್ ಕಡೆ ಸಂಬಳದಲ್ಲಿ ಅರ್ಧ ತೆರಿಗೆಗೇ ಹೋಗುತ್ತದಂತೆ. ಆದರೂ ಸಂತೋಷದ ಪಟ್ಟಿಯಲ್ಲಿ ಯಾವಾಗಲೂ ಅವರೇ ಮುಂದೆ. ಅಮೆರಿಕದಲ್ಲಿ ತೆರಿಗೆ ಕಡಿಮೆ, ಸಂಬಳ ಜಾಸ್ತಿ. ಹಾಗಾದರೆ ಬದುಕೋಕೆ ಯಾವುದು ವಾಸಿ?

ಉತ್ತರ: ಮೊದಲು ಆ "ಅರ್ಧ" ಅನ್ನೋ ಮಾತನ್ನು ನೋಡೋಣ. ಡೆನ್ಮಾರ್ಕ್‌ನಲ್ಲಿ ತಿಂಗಳಿಗೆ 40,000 ಕ್ರೋನ್ ದುಡಿಯುವ ಒಬ್ಬರ ಸಂಬಳದ ಚೀಟಿ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮೊದಲು, ದುಡಿಯುವವರೆಲ್ಲ ಕೊಡಬೇಕಾದ ಶೇ. 8ರ ವಂತಿಗೆ ಅಂತ 3,200 ಹೋಗುತ್ತದೆ. ಉಳಿದದ್ದರಲ್ಲಿ ಒಂದಷ್ಟಕ್ಕೆ ವಿನಾಯಿತಿ. ಮಿಕ್ಕಿದ್ದರಲ್ಲಿ ಊರಿನ ನಗರಸಭೆ ಸುಮಾರು ಶೇ. 25, ದೇಶದ ಸರ್ಕಾರ ಸುಮಾರು ಶೇ. 12 ಹಿಡಿದುಕೊಳ್ಳುತ್ತವೆ. ಪಿಂಚಣಿ ಕಡಿತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕೈಗೆ ಬರೋದು 25 ರಿಂದ 26 ಸಾವಿರ. ಹೋಗಿದ್ದು ಅರ್ಧ ಅಲ್ಲ, ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಅರ್ಧ ದಾಟುವ ದರ ಬೀಳುವುದು ದೊಡ್ಡ ಸಂಬಳದ ಮೇಲಿನ ಭಾಗಕ್ಕೆ ಮಾತ್ರ.

ಆದರೆ ಆ 25 ಸಾವಿರ ಹಿಡಿದು ಅಂಗಡಿಗೆ ಹೋದರೆ ಅಲ್ಲಿ ವ್ಯಾಟ್ ಶೇ. 25. ಟಿವಿಗೂ ಅಷ್ಟೇ, ಹಾಲು ಬ್ರೆಡ್ಡಿಗೂ ಅಷ್ಟೇ. ದಿನಸಿ ಅಂತ ರಿಯಾಯಿತಿ ಇಲ್ಲ. ಕಾರು ಕೊಂಡರೆ ನೋಂದಣಿ ತೆರಿಗೆ ಬೇರೆ. ಬೆಲೆ ಏರಿದಂತೆ ಅದರ ದರವೂ ಏರುತ್ತದೆ, ಮೇಲಿನ ಹಂತದಲ್ಲಿ ಶೇ. 150. ಕೋಪನ್‌ಹೇಗನ್‌ನಲ್ಲಿ ಅಷ್ಟೊಂದು ಜನ ಸೈಕಲ್ ತುಳಿಯುವುದಕ್ಕೆ ಪರಿಸರದ ಮೇಲಿನ ಪ್ರೀತಿಯೊಂದೇ ಕಾರಣ ಅಲ್ಲ ಬಿಡಿ.

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಉತ್ತರ ಯುರೋಪಿನ ವ್ಯವಸ್ಥೆ ಅಂದರೆ ಶ್ರೀಮಂತರಿಂದ ಕಿತ್ತುಕೊಂಡು ಹಂಚೋದು ಅಂದುಕೊಳ್ಳುತ್ತಾರೆ. ಅಲ್ಲಿ ಎಲ್ಲರೂ ಕಟ್ಟುತ್ತಾರೆ, ಅದರಲ್ಲೂ ಮಧ್ಯಮ ವರ್ಗ ಜೋರಾಗಿ ಕಟ್ಟುತ್ತದೆ. ಕಂಪನಿಗಳ ಮೇಲಿನ ತೆರಿಗೆ ಡೆನ್ಮಾರ್ಕ್‌ನಲ್ಲಿ ಶೇ. 22, ಸ್ವೀಡನ್‌ನಲ್ಲಿ ಶೇ. 20.6. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ದರವೂ ಶೇ. 21. ಸ್ವೀಡನ್ 2004ರಲ್ಲಿ ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ ತೆಗೆದುಹಾಕಿತು, 2007ರಲ್ಲಿ ಸಂಪತ್ತಿನ ತೆರಿಗೆಯನ್ನೂ ತೆಗೆಯಿತು. ಪೀಠೋಪಕರಣದ ಕಂಪನಿ ಐಕಿಯಾ ಕಟ್ಟಿದ ಇಂಗ್ವಾರ್ ಕಾಂಪ್ರಾಡ್ ತೆರಿಗೆ ಜಾಸ್ತಿ ಅಂತ 1973ರಲ್ಲಿ ದೇಶ ಬಿಟ್ಟವರು ಮತ್ತೆ ಸ್ವೀಡನ್ನಿಗೆ ಬಂದು ನೆಲೆಸಿದ್ದು 2014ರಲ್ಲಿ. ಇನ್ನು ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ವ್ಯಾಟ್ ಅನ್ನೋದೇ ಇಲ್ಲ. ಆದ್ದರಿಂದ ಎರಡೂ ಕಡೆಯ ದೊಡ್ಡ ವ್ಯತ್ಯಾಸ ಕಾಣುವುದು ಶ್ರೀಮಂತರ ತೆರಿಗೆಯಲ್ಲಿ ಅಲ್ಲ, ಸಾಮಾನ್ಯ ಜನರ ತೆರಿಗೆಯಲ್ಲಿ.

ಕೊಟ್ಟಿದ್ದಕ್ಕೆ ಏನು ಸಿಗುತ್ತದೆ? ಡೆನ್ಮಾರ್ಕ್‌ನಲ್ಲಿ ಡಾಕ್ಟರ ಹತ್ತಿರ ಹೋದರೆ, ಆಸ್ಪತ್ರೆ ಸೇರಿದರೆ ಬಿಲ್ ಇಲ್ಲ. ಹಲ್ಲಿನ ಚಿಕಿತ್ಸೆಗೆ ಮಾತ್ರ ದೊಡ್ಡವರು ತಾವೇ ಒಂದು ಪಾಲು ಕೊಡಬೇಕು. ಮಕ್ಕಳ ಡೇಕೇರ್ ಖರ್ಚಿನಲ್ಲಿ ಅಪ್ಪ ಅಮ್ಮ ಕೊಡೋದು ಹೆಚ್ಚೆಂದರೆ ಕಾಲು ಭಾಗ. ಕಾಲೇಜಿಗೆ ಫೀಸಿಲ್ಲ. ಮೇಲಾಗಿ ಮನೆ ಬಿಟ್ಟು ಓದುವ ಹುಡುಗ ಹುಡುಗಿಯರಿಗೆ ಸರ್ಕಾರವೇ ತಿಂಗಳಿಗೆ ಸುಮಾರು 7 ಸಾವಿರ ಕ್ರೋನ್ ಕೊಡುತ್ತದೆ. ಸ್ವೀಡನ್‌ನಲ್ಲಿ ಮಗು ಹುಟ್ಟಿದರೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನದ ಭತ್ಯೆಯ ರಜೆ. ಅಮೆರಿಕದ ಫೆಡರಲ್ ಕಾನೂನು ಕೊಡೋದು 12 ವಾರ, ಅದೂ ಸಂಬಳವಿಲ್ಲದೆ.

ಅಮೆರಿಕದವರು ಈ ಖರ್ಚುಗಳನ್ನು ಮಾಡೋದಿಲ್ಲ ಅಂತಲ್ಲ. ಅವು ತೆರಿಗೆ ಅನ್ನೋ ಹೆಸರಲ್ಲಿ ಹೋಗುವುದಿಲ್ಲ ಅಷ್ಟೇ. ಕಂಪನಿಗಳ ಮೂಲಕ ಸಿಗುವ ಒಂದು ಕುಟುಂಬದ ಆರೋಗ್ಯ ವಿಮೆಯ ಸರಾಸರಿ ಕಂತು 2024ರಲ್ಲಿ ವರ್ಷಕ್ಕೆ 25 ಸಾವಿರ ಡಾಲರ್ ದಾಟಿತ್ತು. ಅದರಲ್ಲಿ ಮುಕ್ಕಾಲು ಪಾಲು ಕಂಪನಿ ಕಟ್ಟುತ್ತದೆ ನಿಜ. ಆದರೆ ಆ ದುಡ್ಡು ಇಲ್ಲದಿದ್ದರೆ ಸಂಬಳವಾಗಿ ಬರುತ್ತಿತ್ತು ಅಲ್ವಾ? ದೇಶದ ಲೆಕ್ಕ ತೆಗೆದರೆ, ಆರೋಗ್ಯಕ್ಕೆ ಅಮೆರಿಕ ಜಿಡಿಪಿಯ ಶೇ. 17ಕ್ಕೂ ಹೆಚ್ಚು ಸುರಿಯುತ್ತದೆ. ಸ್ವೀಡನ್ ಸುಮಾರು ಶೇ. 11. ಹಾಗಿದ್ದೂ 2023ರಲ್ಲಿ ಅಮೆರಿಕನ್ನರ ಸರಾಸರಿ ಆಯಸ್ಸು 78.4 ವರ್ಷ. ಸ್ವೀಡನ್‌ನಲ್ಲಿ 83ರ ಮೇಲೆ. ಇದಕ್ಕೆಲ್ಲ ತೆರಿಗೆಯೇ ಕಾರಣ ಅನ್ನೋದು ಅತಿಯಾದೀತು. ಬಂದೂಕು, ಡ್ರಗ್ಸ್, ರಸ್ತೆ ಅಪಘಾತ, ಬೊಜ್ಜು ಎಲ್ಲದರ ಪಾಲೂ ಇದೆ.

ಅಮೆರಿಕದ ಪರವಾಗಿ ಹೇಳೋದೂ ಬೇಕಾದಷ್ಟಿದೆ. ತೆರಿಗೆ ಕಳೆದ ಮೇಲೂ ಅಲ್ಲಿನ ನಡುಮಟ್ಟದ ಮನೆಯ ಕೈಯಲ್ಲಿ ಡೆನ್ಮಾರ್ಕ್‌ಗಿಂತ ಜಾಸ್ತಿ ದುಡ್ಡಿರುತ್ತದೆ. ಮನೆಗಳೂ ದೊಡ್ಡವು. ಆದರೆ ಅವರು ದುಡಿಯುವುದೂ ಜಾಸ್ತಿ. ವರ್ಷಕ್ಕೆ ಸುಮಾರು 1,800 ಗಂಟೆ. ಡೆನ್ಮಾರ್ಕ್‌ನವರು 1,400ರ ಆಸುಪಾಸು. ಆ 400 ಗಂಟೆಗೆ ನೀವು ಎಷ್ಟು ಬೆಲೆ ಕಟ್ಟುತ್ತೀರಿ ಅನ್ನೋದರ ಮೇಲೆ ಅರ್ಧ ಉತ್ತರ ನಿಂತಿದೆ. ಸ್ವೀಡನ್‌ನ ಪುಕ್ಕಟೆ ಅನ್ನಿಸುವ ಸೇವೆಗೂ ಇನ್ನೊಂದು ಬೆಲೆ ಇದೆ, ಅದು ಕಾಯುವುದು. ತಜ್ಞ ವೈದ್ಯರನ್ನು 90 ದಿನದೊಳಗೆ ತೋರಿಸುತ್ತೇವೆ ಅನ್ನೋದು ಅಲ್ಲಿನ ಸರ್ಕಾರಿ ಭರವಸೆ. ಎಷ್ಟೋ ಸಲ ಅದೂ ದಾಟುತ್ತದೆ. ಸ್ಟಾಕ್‌ಹೋಮ್‌ನಲ್ಲಿ ನಿಯಂತ್ರಿತ ಬಾಡಿಗೆಯ ಮನೆ ಬೇಕೆಂದರೆ ವರ್ಷಗಟ್ಟಲೆ ಸರದಿ.

ಇಷ್ಟಾದ ಮೇಲೆ ಸಿಂಗಾಪುರ ಮತ್ತು ಸ್ವಿಟ್ಜರ್ಲೆಂಡ್ ಬಂದು ಲೆಕ್ಕವನ್ನೆಲ್ಲ ಕೆಡಿಸುತ್ತವೆ. ಎರಡೂ ಕಡೆ ತೆರಿಗೆ ಕಡಿಮೆ, ಎರಡೂ ಕಡೆ ಜನ ದೀರ್ಘಾಯುಷಿಗಳು. ಕಡಿಮೆ ತೆರಿಗೆಯಲ್ಲೂ ಬದುಕು ಚೆನ್ನಾಗಿರಬಹುದು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು ಅನ್ನಬಹುದು. ಆದರೆ ಒಳಗೆ ಇಣುಕಿ ನೋಡಿ. ಸ್ವಿಸ್ ಜನ ಪ್ರತಿಯೊಬ್ಬರೂ ಖಾಸಗಿ ಕಂಪನಿಯಿಂದ ಆರೋಗ್ಯ ವಿಮೆ ಕೊಳ್ಳಲೇಬೇಕು. ಕಾನೂನೇ ಹಾಗಿದೆ. ಆ ಕಂತು ತೆರಿಗೆಯ ಲೆಕ್ಕಕ್ಕೆ ಬರೋದಿಲ್ಲ. ಸಿಂಗಾಪುರದಲ್ಲಿ 55ರೊಳಗಿನ ನೌಕರರು ಸಂಬಳದ ಶೇ. 20ರಷ್ಟನ್ನು ಸಿಪಿಎಫ್ ಎಂಬ ಕಡ್ಡಾಯ ಉಳಿತಾಯಕ್ಕೆ ಹಾಕಬೇಕು. ಮಾಲೀಕರು ಅದರ ಮೇಲೆ ಶೇ. 17 ಹಾಕುತ್ತಾರೆ. ಈ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಒಂದು ಮಿತಿ ಇದೆ ಅನ್ನಿ. ಮುಕ್ಕಾಲಿಗೂ ಹೆಚ್ಚು ನಿವಾಸಿಗಳು ಸರ್ಕಾರ ಕಟ್ಟಿಸಿದ ಫ್ಲ್ಯಾಟ್‌ಗಳಲ್ಲಿದ್ದಾರೆ. ಇದನ್ನು ಸರ್ಕಾರ ಕೈಕಟ್ಟಿ ಕೂತ ದೇಶ ಅನ್ನಲು ನನಗಂತೂ ಬಾಯಿ ಬರೋದಿಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸಿಪಿಎಫ್ ದುಡ್ಡು ನಿಮ್ಮ ಹೆಸರಲ್ಲೇ ಇರುತ್ತದೆ. ಕಡಿಮೆ ದುಡಿದವರ ಖಾತೆಯಲ್ಲಿ ಕಡಿಮೆಯೇ ಇರುತ್ತದೆ.

ಉಲ್ಟಾ ಉದಾಹರಣೆ ಫ್ರಾನ್ಸ್. ತೆರಿಗೆಯಲ್ಲಿ ಡೆನ್ಮಾರ್ಕ್‌ಗೆ ಸರಿಸಮ, ಎರಡೂ ಜಿಡಿಪಿಯ ಶೇ. 40ರ ಮೇಲೆ. ಆದರೆ 2025ರ ಸಂತೋಷದ ವರದಿಯಲ್ಲಿ ಫ್ರಾನ್ಸ್ 33ನೇ ಜಾಗದಲ್ಲಿತ್ತು. ಅಮೆರಿಕ 24ನೇ ಜಾಗದಲ್ಲಿ, ಅಂದರೆ ಅದಕ್ಕಿಂತ ಮುಂದೆ. ಫ್ರಾನ್ಸ್‌ನ ದುಡ್ಡಿನಲ್ಲಿ ದೊಡ್ಡ ಪಾಲು, ಜಿಡಿಪಿಯ ಸುಮಾರು ಶೇ. 14, ಪಿಂಚಣಿಗೇ ಹೋಗುತ್ತದೆ. ಉತ್ತರ ಯುರೋಪಿನವರು ಡೇಕೇರ್, ತರಬೇತಿ, ಕೆಲಸ ಹುಡುಕಿಕೊಡುವುದು, ಇಂಥವಕ್ಕೆ ಹೆಚ್ಚು ಸುರಿದು ಅಪ್ಪ ಅಮ್ಮ ಇಬ್ಬರೂ ದುಡಿಯುವಂತೆ ಮಾಡಿದ್ದಾರೆ. ದುಡಿಯುವವರು ಜಾಸ್ತಿಯಾದರೆ ತೆರಿಗೆ ಕಟ್ಟುವವರೂ ಜಾಸ್ತಿ. (ಅಂದಹಾಗೆ ಆ ವರದಿ ಜನರನ್ನು "ಖುಷಿಯಾಗಿದ್ದೀರಾ" ಅಂತ ಕೇಳುವುದಿಲ್ಲ. ನಿಮ್ಮ ಬದುಕಿಗೆ 0ಯಿಂದ 10ರೊಳಗೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳುತ್ತದೆ. ಅದನ್ನು ನೆಮ್ಮದಿಯ ಪಟ್ಟಿ ಅಂದರೆ ಹತ್ತಿರವಾದೀತು.)

ಹಾಗಾಗಿ ಯಾವ ದೇಶ ವಾಸಿ ಅನ್ನುವ ಮೊದಲು ಯಾರಿಗೆ ಅಂತ ಕೇಳಬೇಕು. ಚಿಕ್ಕ ಮಕ್ಕಳಿರುವ, ಸಾಧಾರಣ ಸಂಬಳದ ಮನೆಗೆ ನಾನು ಡೆನ್ಮಾರ್ಕ್ ಅನ್ನುತ್ತೇನೆ, ಯೋಚನೆಯೇ ಬೇಡ. ದೀರ್ಘ ಕಾಯಿಲೆ ಇರುವವರಿಗೂ ಅದೇ. ಗಟ್ಟಿಮುಟ್ಟಾದ, ದೊಡ್ಡ ಸಂಬಳದ, ಇನ್ನೂ ಒಂಟಿಯಾಗಿರುವ ಇಂಜಿನಿಯರಿಗೆ ಅಮೆರಿಕದ ಲೆಕ್ಕವೇ ಲಾಭ. ಇದು ಡೆನ್ಮಾರ್ಕ್ ಸರ್ಕಾರಕ್ಕೂ ಗೊತ್ತಿದೆ. ದೊಡ್ಡ ಸಂಬಳಕ್ಕೆ ಹೊರಗಿನಿಂದ ಬರುವ ಪರಿಣತರಿಗೆ, ಸಂಶೋಧಕರಿಗೆ ಅದು ಏಳು ವರ್ಷದವರೆಗೆ ಶೇ. 27ರ ಒಂದೇ ದರ ಇಟ್ಟಿದೆ, ಜೊತೆಗೆ ಆ ಶೇ. 8ರ ವಂತಿಗೆ. ಪಕ್ಕದ ಮೇಜಿನಲ್ಲಿ ಅಷ್ಟೇ ಸಂಬಳಕ್ಕೆ ಕೂತ ಡೆನ್ಮಾರ್ಕ್‌ನವರು ಪೂರ್ತಿ ಕಟ್ಟುತ್ತಾರೆ.