ಈಜಿಪ್ಟಿನ ಕಾಲಿಲ್ಲದ ಮರದ ಬೊಂಬೆ: ಆಟಿಕೆಯಿಂದ ನರ್ತಕಿಯವರೆಗೆ

ದೋಣಿಯ ಹುಟ್ಟನ್ನು ಅಲಗು ಕೆಳಗಾಗಿ ನಿಲ್ಲಿಸಿದಂಥ ತೆಳು ಹಲಗೆ, ಎತ್ತರ ಸುಮಾರು ಒಂದು ಗೇಣು. ಮೇಲಿನ ಕಿರಿದಾದ ತುದಿಯೇ ತಲೆ, ಕೆಳಗಿನ ಅಗಲವೇ ಸೊಂಟ. ಕೈಗಳು ಮೊಂಡು, ಕಾಲು ಇಲ್ಲವೇ ಇಲ್ಲ. ಮೈಮೇಲೆ ಪಟ್ಟೆ, ಚೌಕಳಿ, ಚುಕ್ಕಿಗಳ ಬಣ್ಣ. ಯೋನಿಭಾಗದ ತ್ರಿಕೋನ ಮಾತ್ರ ಎದ್ದು ಕಾಣುವಷ್ಟು ದೊಡ್ಡದು. ಕ್ರಿ.ಪೂ. 2000ದ ಆಸುಪಾಸಿನ ಗೋರಿಗಳಲ್ಲಿ, ಮುಖ್ಯವಾಗಿ ಥೀಬ್ಸ್ (ಈಗಿನ ಲಕ್ಸರ್) ಸುತ್ತಮುತ್ತ, ಈ ಬೊಂಬೆಗಳು ಸಿಕ್ಕಿವೆ.

ಮೊದಲು ಇವನ್ನು ಆಟಿಕೆ ಎಂದರು. ಆಮೇಲೆ, ಸತ್ತ ಗಂಡಸಿಗೆ ಪರಲೋಕದಲ್ಲಿ ಜೊತೆಯಾಗಲು ಇಟ್ಟ ಉಪಪತ್ನಿ ಎಂದರು. ಓಡಿಹೋಗದಿರಲೆಂದು ಕಾಲು ಮಾಡಿಲ್ಲ ಎಂಬ ವಿವರಣೆಯೂ ಬಂತು. ಆದರೆ ಇಂಥ ಹೆಣ್ಣುಬೊಂಬೆಗಳು ಹೆಂಗಸರ, ಮಕ್ಕಳ ಗೋರಿಗಳಲ್ಲೂ ಇವೆ. ಹಾಗಾಗಿ ಸಂತಾನ ಮತ್ತು ಮರುಜನ್ಮದ ಸಂಕೇತ ಎಂಬ ಮಾತು ಬಲವಾಯಿತು. ನಮ್ಮ ‘ಹುಟ್ಟು’ ಪದ ದೋಣಿಗೂ ಜನನಕ್ಕೂ ಸಲ್ಲುವುದು ಇಲ್ಲಿ ತಾನಾಗಿ ನೆನಪಾಗುತ್ತದೆ.

2011ರಲ್ಲಿ ಪ್ರಾಚೀನ ಈಜಿಪ್ಟಿನ ವಿದ್ವಾಂಸೆ ಎಲೆನ್ ಮೋರಿಸ್ ಬೇರೆಯೇ ದಾರಿ ತೋರಿದರು: ಈ ಬೊಂಬೆಗಳು ಹಾಥೋರ್ ದೇವಿಯ ಸೇವೆಯಲ್ಲಿ ಹಾಡಿ ಕುಣಿಯುತ್ತಿದ್ದ ‘ಖೆನೆರ್’ ಮೇಳದ ಹೆಂಗಸರು. ಆಧಾರ ಬೊಂಬೆಗಳ ಮೈಮೇಲೇ ಇದೆ. 1891ರಲ್ಲಿ ಥೀಬ್ಸ್ ಬಳಿಯ ದೇರ್ ಎಲ್-ಬಹ್ರಿಯಲ್ಲಿ ಸಿಕ್ಕ ಹಾಥೋರ್ ಪೂಜಾರಿಣಿ ಅಮುನೆತ್‌ಳ ಮಮ್ಮಿಯ ಹೊಟ್ಟೆ, ತೊಡೆಗಳ ಮೇಲೆ ಚುಕ್ಕಿ ಮತ್ತು ಗೀಟಿನ ಹಚ್ಚೆಗಳಿವೆ. ಬೊಂಬೆಗಳ ಮೇಲಿನ ಚುಕ್ಕಿಗಳು ಅವನ್ನೇ ಹೋಲುತ್ತವೆ. ಇನ್ನು ಆಕಾರ: ದೇವಿಯ ಪವಿತ್ರ ಮಣಿಹಾರವಾದ ‘ಮೆನಾತ್’ನ ಬೆನ್ನ ಹಿಂದೆ ಇಳಿಬೀಳುವ ತೂಕದ ಬಿಲ್ಲೆಗೂ ಇದೇ ರೂಪ. ಹಾಗಿದ್ದರೆ ಕಾಲು ಬಿಟ್ಟುಹೋದದ್ದಲ್ಲ, ಆ ಆಕಾರದಲ್ಲಿ ಕಾಲಿಗೆ ಜಾಗವೇ ಇರಲಿಲ್ಲ. ಎಲ್ಲ ಪುರಾವೆಗೂ ಹೆಚ್ಚು ಹೊಂದುವುದು ಈ ವಾದವೇ.

ಗೊಂದಲ ಇಷ್ಟು ದಿನ ಎಳೆಯಲು ಕೂದಲೂ ಒಂದು ಕಾರಣ. ಸುಡದ ಕಪ್ಪು ಮಣ್ಣಿನ ಪುಟ್ಟ ಮಣಿಗಳನ್ನು ನಾರಗಸೆಯ ದಾರಕ್ಕೆ ಪೋಣಿಸಿ, ಮಣಿ ಜಾರದಂತೆ ತುದಿಗೆ ಮಣ್ಣಿನ ಉಂಡೆ ಮೆತ್ತಿ, ಆ ಎಳೆಗಳ ಗೊಂಚಲನ್ನು ತಲೆಗೆ ಕೂರಿಸುತ್ತಿದ್ದರು. ತೇವ ತಾಗಿದರೆ ಸುಡದ ಮಣಿ ಕರಗುತ್ತದೆ; ಒಣಗಿದ ದಾರ ಮುಟ್ಟಿದರೆ ಮುರಿಯುತ್ತದೆ. ಅಗೆಯುವಾಗ ಒಂದು ಎಳೆ ಕಡಿದರೂ ಮಣಿಗಳು ಮರಳಿನಲ್ಲಿ ಸೇರಿಹೋಗುತ್ತವೆ, ಜರಡಿ ಹಿಡಿಯದಿದ್ದರೆ ಮತ್ತೆ ಸಿಗುವುದಿಲ್ಲ. ಹೀಗೆ ಎಷ್ಟೋ ಬೊಂಬೆಗಳು ಬೋಳು ಹಲಗೆಗಳಾಗಿ ಉಳಿದಿವೆ. 1929–30ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಂಡ ಥೀಬ್ಸ್‌ನ ಅಸಾಸಿಫ್‌ನಲ್ಲಿ ಅಗೆದು ತೆಗೆದವುಗಳಲ್ಲಿ ದಟ್ಟ ಮಣಿಗೂದಲು ಉಳಿದಿರುವಂಥವೂ ಇವೆ. ಮೊದಲು ನೋಡಬೇಕಾದದ್ದು ಅವನ್ನು. ತಲೆ ಕೊಡವಿದರೆ ಜಲ್ಲೆನ್ನುವಂತಿರುವ ಆ ಕೂದಲನ್ನು ಕಂಡ ಮೇಲೆ ಕುಣಿತದ ಮಾತು ದೂರದ್ದು ಅನ್ನಿಸುವುದಿಲ್ಲ.